ಗ್ಯಾಸ್ಟ್ರಿಕ್ ಅಂತೆ!

"ಗ್ಯಾಸ್ಟ್ರಿಕ್" ಅನ್ನೋ ಪದವನ್ನ ಕನ್ನಡದಿಂದ ಗಡೀಪಾರು ಮಾಡಬೇಕು ಅನ್ನೋದು ನನ್ನ ಬಹುದಿನದ ಬೇಡಿಕೆ. ಇಂಗ್ಲಿಷಿನಲ್ಲಿ ಅದಕ್ಕೆ ಜಠರಕ್ಕೆ ಸಂಬಂಧಪಟ್ಟಿದ್ದು ಅಂತ ಅರ್ಥ, ಅಷ್ಟೆ. ನಮ್ಮಲ್ಲಿ ಬಂದು ಅದು ಕಾಯಿಲೆಯ ಹೆಸರೂ ಆಯ್ತು, ಕಾಯಿಲೆ ಪತ್ತೆ ಹಚ್ಚೋ ವಿದ್ಯೆಯೂ ಆಯ್ತು. ಎದೆ ಹಿಡಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ಗ್ಯಾಸ್ಟ್ರಿಕ್, ಎಡಗೈ ಸೆಳೆದರೆ ಗ್ಯಾಸ್ಟ್ರಿಕ್, ದವಡೆ ನೋವು ಬಂದರೆ... ಅದು ಗ್ಯಾಸ್ ಮೇಲಕ್ಕೆ ಏರಿದ್ದು! ಮನುಷ್ಯನ ಮೈಯಲ್ಲಿ ಗ್ಯಾಸು ಇಷ್ಟೆಲ್ಲಾ ಪ್ರವಾಸ ಮಾಡುತ್ತೆ ಅಂತ ಯಾವ ಅನಾಟಮಿ ಪುಸ್ತಕದಲ್ಲೂ ಇಲ್ಲ ಸ್ವಾಮಿ.

ನಗು ಬಂದರೆ ನಕ್ಕುಬಿಡಿ, ಆದರೆ ನಾನು ಇದನ್ನ ಸಿಟ್ಟಿನಲ್ಲೇ ಬರೀತಿರೋದು. ನನ್ನ ತಕರಾರು ಇಷ್ಟು: ಹೃದಯದ ವಿಷಯದಲ್ಲಿ ನಾವು ಮಾಡೋದೆಲ್ಲಾ ತಲೆಕೆಳಗು. ನೋವಿಲ್ಲದ ದಿನ ಆಸ್ಪತ್ರೆಗೆ ಓಡ್ತೀವಿ. ನೋವು ಬಂದ ದಿನ ಸೋಡಾ ಕುಡಿದು ಮನೇಲಿ ಕೂರ್ತೀವಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಆಮೇಲಿನ ದಿನಗಳು ನಿಮಗೂ ನೆನಪಿರಬೇಕು, ಜಿಮ್‌ಗೆ ಹೋಗೋ ಹುಡುಗರೆಲ್ಲಾ ಹೃದಯ ತಪಾಸಣೆಗೆ ಸಾಲು ನಿಂತರು. 2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅಂತ ಟೀವಿಯವರು ದಿನಾ ಲೆಕ್ಕ ಕೊಟ್ಟರು, ಕ್ರಿಕೆಟ್ ಸ್ಕೋರ್ ಥರ. ಜುಲೈ ಹೊತ್ತಿಗೆ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜಾತ್ರೆ. ನಾನೂ ಹಾಸನ ಜಿಲ್ಲೆಯವನೇ. ನಮ್ಮೂರಿಂದಲೂ ಕಾರು ಮಾಡಿಕೊಂಡು ಹೋದರು. ನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. ಒಂದು ಇಸಿಜಿ ತೆಗೆಸಿ, "ನಾರ್ಮಲ್" ಅನ್ನಿಸಿಕೊಂಡು, ದಾರೀಲಿ ಬಿರಿಯಾನಿ ತಿಂದು, ಸಿಗರೇಟು ಹಚ್ಚಿಕೊಂಡು ವಾಪಸ್ ಬಂದರು. ಆ ಜಾತ್ರೆಯಲ್ಲಿ ನಿಜವಾಗ್ಲೂ ಎದೆ ಹಿಡಿದುಕೊಂಡು ಬಂದವನು ಎಷ್ಟು ಹೊತ್ತು ಕಾದನೋ!

ಸರ್ಕಾರ ಒಂದು ತಜ್ಞರ ಸಮಿತಿ ಮಾಡಿತು, ಆಗ ಜಯದೇವದ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ. ಜುಲೈನಲ್ಲಿ ವರದಿ ಬಂತು. ನೋಡಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಅಲ್ಲ, ಅದರಲ್ಲೊಂದು ರಸ್ತೆ ಅಪಘಾತ. ಉಳಿದವರಲ್ಲಿ ಕಂಡಿದ್ದು ಹಳೇ ಪರಿಚಯದವರೇ: ಬಿಪಿ, ಶುಗರ್, ತಂಬಾಕು, ಮದ್ಯ. ಹಾಸನದಲ್ಲಿ ವಿಶೇಷ ಏರಿಕೆಯೇನೂ ಇಲ್ಲ, ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಇಲ್ಲ ಅಂದರು. ಅಷ್ಟರೊಳಗೆ ಮುಖ್ಯಮಂತ್ರಿಗಳೇ ಲಸಿಕೆ ಮೇಲೆ ಅನುಮಾನ ಹೇಳಿ ಆಗಿತ್ತು, ವಾಟ್ಸಾಪಿನವರಿಗೆ ಇನ್ನೇನು ಬೇಕು? 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ 2023ರಲ್ಲೇ ಅಧ್ಯಯನ ಪ್ರಕಟಿಸಿತ್ತು. ಲಸಿಕೆ ಹಾಕಿಸಿಕೊಂಡವರಲ್ಲಿ ಅಪಾಯ ಜಾಸ್ತಿ ಇರಲಿಲ್ಲ, ಕಮ್ಮಿ ಇತ್ತು. ಅಪಾಯ ಹೆಚ್ಚಿಸಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಆಗಿರೋದು, ಸಾವಿಗೆ ಮುಂಚಿನ ಎರಡು ದಿನದಲ್ಲಿ ಕಂಠಮಟ್ಟ ಕುಡಿದಿದ್ದು, ಇಂಥವು. ಲಸಿಕೆ ಬೈಯೋದು ಸುಲಭ ಬಿಡಿ, ಲಸಿಕೆ ಹಾಕಿಸಿಕೊಂಡಿದ್ದನ್ನ ಈಗ ಬಿಡೋಕಾಗಲ್ಲ. ಸಿಗರೇಟು ಬಿಡಬಹುದು, ಅದಕ್ಕೇ ಯಾರೂ ಅದರ ಮಾತೆತ್ತಲ್ಲ :)

ಈಗ ಆ "ನಾರ್ಮಲ್" ಇಸಿಜಿ ವಿಷಯಕ್ಕೆ ಬರೋಣ. ಮಾಮೂಲಿ ಇಸಿಜಿ ಅಂದ್ರೆ ಹತ್ತು ಸೆಕೆಂಡಿನ ದಾಖಲೆ. ಆ ಹತ್ತು ಸೆಕೆಂಡಿನಲ್ಲಿ ಹೃದಯದ ವಿದ್ಯುತ್ತು ಹೇಗೆ ಹರೀತು ಅಂತ ಹನ್ನೆರಡು ಕೋನದಿಂದ ನೋಡಿದ್ದು. ಹಳೇ ಹೃದಯಾಘಾತದ ಗುರುತು, ಬಡಿತದ ಏರುಪೇರು, ಗೋಡೆ ದಪ್ಪ ಆಗಿರೋದು, ಇಂಥದ್ದು ಅದರಲ್ಲಿ ಕಾಣಬಹುದು, ಅದು ನಿಷ್ಪ್ರಯೋಜಕ ಅಂತ ನಾನು ಹೇಳ್ತಿಲ್ಲ. ಆದರೆ ನಾಳೆ ಏನಾಗುತ್ತೆ ಅಂತ ಅದು ಹೇಳಲ್ಲ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಹತ್ತು ಸೆಕೆಂಡಿನ ಲಾಗ್ ನೋಡಿ ಸರ್ವರ್ ಇನ್ನೊಂದು ವರ್ಷ ಬೀಳಲ್ಲ ಅಂತ ಸೈನ್ ಆಫ್ ಕೊಟ್ಟ ಹಾಗೆ. ಅಂಥವನನ್ನ ಮಾರನೇ ದಿನ ಮ್ಯಾನೇಜರ್ ಏನ್ಮಾಡ್ತಾನೆ ಅಂತ ನಿಮಗೆ ಗೊತ್ತು.

ಟ್ರೆಡ್‌ಮಿಲ್ ಮೇಲೆ ಓಡಿಸಿ ಪಾಸಾದವನಿಗೂ ಮುಂದಿನ ವಾರ ಹೃದಯಾಘಾತ ಆಗಬಹುದು. ಇದು ಹೇಗೆ ಅಂತ ಬಹಳ ಜನ ಕೇಳ್ತಾರೆ. ಯಾಕಂದ್ರೆ ನಮ್ಮ ತಲೇಲಿರೋ ಚಿತ್ರವೇ ತಪ್ಪು. ನಲ್ಲಿ ಪೈಪಿನಲ್ಲಿ ಪಾಚಿ ಕಟ್ಟಿ ಕಟ್ಟಿ ಕೊನೆಗೊಂದು ದಿನ ನೀರು ನಿಲ್ಲುತ್ತಲ್ಲ, ಹಾಗೆ ಅಂದ್ಕೊಂಡಿದೀವಿ. ಸಾಮಾನ್ಯವಾಗಿ ಆಗೋದು ಕುರು ಒಡೆದ ಹಾಗೆ. ರಕ್ತನಾಳದ ಗೋಡೆಯೊಳಗೆ ಕೊಬ್ಬು ಸೇರಿ ಉಬ್ಬಿರುತ್ತೆ. ನಾಳ ಅರ್ಧಕ್ಕಿಂತ ಹೆಚ್ಚು ತೆರೆದೇ ಇರಬಹುದು, ಓಡಿದರೂ ನೋವು ಬರದೇ ಇರಬಹುದು. ಒಂದು ದಿನ ಆ ಉಬ್ಬಿನ ಮೇಲಿನ ತೆಳು ಪೊರೆ ಬಿರಿಯುತ್ತೆ, ಅದರ ಮೇಲೆ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ನಾಳ ಮುಚ್ಚುತ್ತೆ. ನಿನ್ನೆಯ ರಿಪೋರ್ಟು ಫೈಲಿನಲ್ಲಿ ನಾರ್ಮಲ್ ಆಗಿಯೇ ಇರುತ್ತೆ, ಪಾಪ.

ಅಲ್ಲಿಂದ ಗಡಿಯಾರ ಶುರು. ಅರ್ಧ ಗಂಟೆ ಆಸುಪಾಸಿನಲ್ಲಿ ಹೃದಯದ ಸ್ನಾಯು ಸಾಯೋಕೆ ಶುರುವಾಗುತ್ತೆ, ಆರರಿಂದ ಹನ್ನೆರಡು ಗಂಟೆಯೊಳಗೆ ಆ ಭಾಗದ ಕಥೆ ಬಹುತೇಕ ಮುಗೀತು. ಸತ್ತ ಹೃದಯದ ಸ್ನಾಯು ಮತ್ತೆ ಬೆಳೆಯಲ್ಲ. ಅದೇ ಇಸಿಜಿ, ನೋವಿಲ್ಲದ ದಿನ ಏನೂ ಹೇಳದ ಅದೇ ಮಿಷನ್ನು, ಈ ಹೊತ್ತಿನಲ್ಲಿ ಬಂಗಾರ. ಎದೆನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನೋದು ವೈದ್ಯರೇ ಹಾಕಿಕೊಂಡ ನಿಯಮ. ಮೊದಲನೇದರಲ್ಲಿ ಏನೂ ಕಾಣದೆ ನೋವು ಇನ್ನೂ ಇದ್ದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ತೆಗೀಬೇಕು, ರಕ್ತದಲ್ಲಿ ಟ್ರೋಪೋನಿನ್ ನೋಡಬೇಕು, ಅದನ್ನೂ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ. ನಾಳ ಪೂರ್ತಿ ಮುಚ್ಚಿದೆ ಅಂತ ಕಂಡರೆ ಎರಡು ದಾರಿ: ಎರಡು ಗಂಟೆಯೊಳಗೆ ಆಗೋ ಹಾಗಿದ್ದರೆ ಆಂಜಿಯೋಪ್ಲಾಸ್ಟಿ, ಇಲ್ಲದಿದ್ದರೆ ಹೆಪ್ಪು ಕರಗಿಸೋ ಇಂಜೆಕ್ಷನ್, ಎಷ್ಟು ಬೇಗ ಆದ್ರೆ ಅಷ್ಟು. 1988ರಲ್ಲಿ ಬಂದ ಐಸಿಸ್-2 ಅನ್ನೋ ಪ್ರಯೋಗದಲ್ಲಿ 17,187 ರೋಗಿಗಳಿದ್ದರು. ಆಸ್ಪಿರಿನ್ ಒಂದೇ ಕೊಟ್ಟಾಗ ಐದು ವಾರದ ಲೆಕ್ಕದಲ್ಲಿ ಹೃದಯ-ರಕ್ತನಾಳದ ಸಾವು 23% ಕಮ್ಮಿ. ಹೆಪ್ಪು ಕರಗಿಸೋ ಸ್ಟ್ರೆಪ್ಟೋಕೈನೇಸೂ ಜೊತೆಗೆ ಸೇರಿದಾಗ 42%. ಆಸ್ಪಿರಿನ್ ಬೆಲೆ ನಿಮ್ಮ ಸೋಡಾಕ್ಕಿಂತ ಕಮ್ಮಿ ಗುರು!

ಆದರೆ ನಾವು ಎಷ್ಟು ಹೊತ್ತಿಗೆ ತಲುಪ್ತೀವಿ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಝೇವಿಯರ್ ಮತ್ತು ಸಂಗಡಿಗರು 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಕ್ರಿಯೇಟ್ ಅನ್ನೋ ಅಧ್ಯಯನ ಪ್ರಕಟಿಸಿದರು. ದೇಶದ 89 ಆಸ್ಪತ್ರೆ, ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳು. ನೋವು ಶುರುವಾಗಿ ಆಸ್ಪತ್ರೆ ತಲುಪೋಕೆ ಹಿಡಿದ ಸಮಯದ ಮಧ್ಯಾಂಕ 360 ನಿಮಿಷ. ಆರು ಗಂಟೆ! ಅಂದ್ರೆ ಅರ್ಧ ಜನಕ್ಕೆ ಅದಕ್ಕಿಂತಲೂ ಹೆಚ್ಚು. ಬಾಗಿಲು ದಾಟಿದ ಮೇಲೆ ಹೆಪ್ಪು ಕರಗಿಸೋ ಔಷಧಿ ಶುರುವಾಗೋಕೆ ಹಿಡಿದಿದ್ದು 50 ನಿಮಿಷ. ಲೆಕ್ಕ ನೀವೇ ಹಾಕಿ, ಸಮಯ ಸೋರಿ ಹೋಗ್ತಿರೋದು ಎಲ್ಲಿ ಅಂತ. ಅದೇ ಅಧ್ಯಯನದಲ್ಲಿ ಮೂವತ್ತು ದಿನದೊಳಗೆ ಸತ್ತವರು ಬಡವರಲ್ಲಿ 8.2%, ಶ್ರೀಮಂತರಲ್ಲಿ 5.5%. ಅವು 2001-05ರ ಅಂಕಿಗಳು, ಆಮೇಲೆ ರಸ್ತೆ ಆಗಿವೆ, 108 ಬಂದಿದೆ. ಆದರೆ ಸೋಡಾ ಕುಡಿಯೋ ಬುದ್ಧಿ ಬದಲಾಗಿದೆ ಅಂತ ನನಗೆ ಅನ್ನಿಸಲ್ಲ.

ನಮ್ಮ ದೊಡ್ಡಮ್ಮಂದು ಹೇಳ್ತೀನಿ. ಅರವತ್ತರ ಹತ್ತಿರ ವಯಸ್ಸು, ಹನ್ನೆರಡು ವರ್ಷದಿಂದ ಶುಗರ್. ಒಂದು ಸಂಜೆ ಹೊಟ್ಟೆ ಮೇಲ್ಭಾಗದಲ್ಲಿ ಉರಿ, ಬೆವರು, ಎರಡು ಸಲ ವಾಂತಿ. "ಏನಿಲ್ಲ ಕಣ್ರೋ, ಮಧ್ಯಾಹ್ನದ ಹುಳಿ ಜಾಸ್ತಿ ಆಯ್ತು, ಗ್ಯಾಸ್ಟ್ರಿಕ್ಕು" ಅಂದರು. ಜೀರಿಗೆ ಕಷಾಯ ಆಯ್ತು, ಸೋಡಾ ಆಯ್ತು. ಎಲ್ಲರಿಗೂ ಊಟ ಬಡಿಸಿ, ಹಸುವಿಗೆ ಹುಲ್ಲು ಹಾಕಿ, ಆಮೇಲೆ ಮಲಗಿದರು. ರಾತ್ರಿ ಜಾಸ್ತಿಯಾದಾಗ ಅಣ್ಣ ಬೈಕಿನಲ್ಲಿ ಕೂರಿಸಿಕೊಂಡು ಊರಿನ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಅಲ್ಲಿ ನಾಡಿ ನೋಡಿ, ಹೊಟ್ಟೆ ಒತ್ತಿ, ಆಸಿಡಿಟಿಗೆ ಒಂದು ಇಂಜೆಕ್ಷನ್ ಚುಚ್ಚಿ ಕಳಿಸಿದರು. ಇಸಿಜಿ ಮಿಷನ್ ಪಕ್ಕದ ರೂಮಿನಲ್ಲೇ ಬಟ್ಟೆ ಹೊದ್ದು ಕೂತಿತ್ತಂತೆ. ಬೆಳಿಗ್ಗೆ ಉಸಿರು ಕಟ್ಟೋಕೆ ಶುರುವಾದ ಮೇಲೆ ತಾಲ್ಲೂಕು ಆಸ್ಪತ್ರೆ, ಅಲ್ಲಿ ಇಸಿಜಿ, ಅಲ್ಲಿಂದ ಆಂಬುಲೆನ್ಸ್. ನನಗೆ ಬೆಂಗಳೂರಿಗೆ ಫೋನ್ ಬರೋ ಹೊತ್ತಿಗೆ ಹದಿನಾಲ್ಕು ಗಂಟೆ ಕಳೆದಿತ್ತು. ಬದುಕಿದರು. ಆದರೆ "ಪಂಪಿಂಗ್ 35" ಅಂತೆ. ಸಾಮಾನ್ಯವಾಗಿ 55ರ ಮೇಲಿರಬೇಕಾದ್ದು. ಹಿತ್ತಲಿನ ನಾಲ್ಕು ಮೆಟ್ಟಿಲು ಹತ್ತೋಕೆ ನಡುವೆ ಒಂದು ಸಲ ನಿಲ್ತಾರೆ. ಹಸು ಮಾರಿದರು.

ಶುಗರ್ ಇರೋರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಸಿನಿಮಾದಲ್ಲಿ ತೋರಿಸೋ ಹಾಗೆ ಎದೆ ಹಿಡಿದು ಕುಸಿಯೋ ದೃಶ್ಯ ಬರದೇ ಇರಬಹುದು. ವಾಂತಿ, ಬೆವರು, ಉಸಿರಾಟದ ಕಷ್ಟ, ವಿಚಿತ್ರ ಸುಸ್ತು, ಇಷ್ಟೇ ಇರಬಹುದು. ಹೃದಯದ ಕೆಳಗೋಡೆಗೆ ಪೆಟ್ಟಾದರೆ ನೋವು ಹೊಟ್ಟೆಯಲ್ಲೇ ಕಾಣಿಸಿಕೊಳ್ಳಬಹುದು. ಹೃದಯದ ನರಗಳೂ ಅನ್ನನಾಳದ ನರಗಳೂ ಮಿದುಳಿಗೆ ಸುದ್ದಿ ಕಳಿಸೋ ದಾರಿ ಹೆಚ್ಚುಕಡಿಮೆ ಒಂದೇ, ಎಲ್ಲಿಂದ ಬಂತು ಅಂತ ಮಿದುಳಿಗೇ ಗೊಂದಲ. ಇನ್ನೊಂದು: ತೇಗು ಬಂದು ಹಾಯೆನಿಸಿತು, ಆಂಟಾಸಿಡ್ ಕುಡಿದ ಮೇಲೆ ಕಮ್ಮಿಯಾಯ್ತು, ಆದ್ದರಿಂದ ಗ್ಯಾಸ್ಟ್ರಿಕ್ಕೇ... ಈ ತರ್ಕ ಪೂರ್ತಿ ಸುಳ್ಳು. ಹೃದಯಾಘಾತ ಆದವರಿಗೂ ಹಾಗೆ ಅನ್ನಿಸುತ್ತೆ.

"ಎದೆ ಉರಿ ಅಂದವರಿಗೆಲ್ಲಾ ಇಸಿಜಿ ತೆಗೆಸೋಕಾಗುತ್ತೇನ್ರೀ, ಹೆಚ್ಚಿನವು ಗ್ಯಾಸೇ ಆಗಿರುತ್ತೆ" ಅಂತ ಒಬ್ಬ ಡಾಕ್ಟರು ಗೆಳೆಯ ನನ್ನ ಜೊತೆ ಜಗಳಾಡಿದ್ದಾನೆ. ಒಪ್ಪಿದೆ, ಹೆಚ್ಚಿನವು ಹೃದಯದ್ದಲ್ಲ. ಆದರೆ ಅಲ್ಲ ಅಂತ ಹೇಳಬೇಕಾದ್ದು ಇಸಿಜಿ ಮತ್ತು ಟ್ರೋಪೋನಿನ್. ಪಕ್ಕದ ಮನೆಯವರಲ್ಲ, ಮೆಡಿಕಲ್ ಶಾಪಿನ ಹುಡುಗನಲ್ಲ, ಹೊಟ್ಟೆ ಒತ್ತೋ ಬೆರಳಲ್ಲ. ಒಂದು ಇಸಿಜಿಗೆ ಕೆಲವು ನೂರು ರೂಪಾಯಿ. ನೋವಿಲ್ಲದವರಿಗೆ ಸಾವಿರಗಟ್ಟಲೆಗೆ "ಮಾಸ್ಟರ್ ಹೆಲ್ತ್ ಚೆಕಪ್" ಮಾರೋವಾಗ ಬಾರದ ಖರ್ಚಿನ ಚಿಂತೆ, ಬೆವೆತು ಕೂತವಳ ಮುಂದೆ ಯಾಕೆ ಬರುತ್ತೆ? ಆ ಚೆಕಪ್ಪಿನಿಂದ ಶುರುವಾಗಿ ಬ್ಲಾಕ್ ಸಿಕ್ಕಿ, ಹೆದರಿ, ಸ್ಟೆಂಟ್ ಹಾಕಿಸಿಕೊಂಡವರನ್ನೂ ಕಂಡಿದೀನಿ. ಹೃದಯಾಘಾತದ ಹೊತ್ತಿನಲ್ಲಿ ಸ್ಟೆಂಟ್ ಜೀವ ಉಳಿಸುತ್ತೆ. ಸ್ಥಿರವಾಗಿರೋ ಬ್ಲಾಕಿಗೆ ಒಳ್ಳೇ ಔಷಧಿಯ ಜೊತೆ ಸ್ಟೆಂಟೂ ಹಾಕಿದರೆ ಆಯಸ್ಸು ಹೆಚ್ಚಾಗೋದು ಕಾಣಲಿಲ್ಲ ಅಂತ 2007ರ ಕರೇಜ್, 2020ರ ಇಸ್ಕೀಮಿಯಾ ಪ್ರಯೋಗಗಳು ಹೇಳಿವೆ. ಇಲ್ಲೂ ತಲೆಕೆಳಗು, ನೋಡಿ.

ನನಗೆ ಅತಿ ಹೆಚ್ಚು ಹೊಟ್ಟೆ ಉರಿಸೋ ವಿಷಯ ಇದು (ಇದು ಗ್ಯಾಸ್ಟ್ರಿಕ್ ಅಲ್ಲ). ಪುನೀತ್ ಹೆಸರಿನಲ್ಲೇ ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೀತಾರೆ, ಅದು ಕೂಡಲೇ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತೆ, ಅವರು ಹೌದು ಅಂದರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡ್ತಾರೆ, ಉಚಿತವಾಗಿ. ಹೊರಗೆ ಅದಕ್ಕೆ ಹತ್ತಾರು ಸಾವಿರ. ಹಾಸನದವನು ಎದೆನೋವು ಇಟ್ಟುಕೊಂಡು ಬನ್ನೇರುಘಟ್ಟ ರಸ್ತೆಯ ತನಕ ಬರಬೇಕಿಲ್ಲ. ನಮ್ಮೂರಿನಲ್ಲಿ ಅಪ್ಪು ಫೋಟೋ ಇಲ್ಲದ ಆಟೋ ಇಲ್ಲ, ಹೋಟೆಲಿಲ್ಲ, ಗಣೇಶನ ಪೆಂಡಾಲಿಲ್ಲ. ಈ ಇಂಜೆಕ್ಷನ್ ಬಗ್ಗೆ ಆ ಆಟೋದವರನ್ನ ಕೇಳಿದೆ. ಏಳು ಜನರಲ್ಲಿ ಒಬ್ಬನಿಗೆ ಗೊತ್ತಿತ್ತು, ಅವನೂ ಅದು ಹಾಸನದಲ್ಲಿ ಮಾತ್ರ ಅಂದ್ಕೊಂಡಿದ್ದ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತೆ ಅನ್ನೋ ಸುಳ್ಳು ಮಾತ್ರ ಏಳೂ ಜನರ ಫೋನಿನಲ್ಲಿತ್ತು.

ಆರೋಗ್ಯವಾಗಿದ್ದಾಗ ಆಸ್ಪತ್ರೆಗೆ ಹೋಗಲೇಬೇಡಿ ಅಂತಲ್ಲ. ಬಿಪಿ ಪಟ್ಟಿ ಕಟ್ಟಿಸಿ, ಶುಗರ್ ಕೊಲೆಸ್ಟ್ರಾಲ್ ನೋಡಿಸಿ, ಮನೇಲಿ ಚಿಕ್ಕ ವಯಸ್ಸಿಗೇ ಹೋದವರಿದ್ದರೆ ಡಾಕ್ಟರಿಗೆ ಹೇಳಿ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ಕ್ಕೇ ಬಂದಿತ್ತು, ಉಳಿದವರಿಗೆ ಹೆಚ್ಚುಕಡಿಮೆ 59ಕ್ಕೆ. ಬಿಪಿ ಮಾತ್ರೆ ದಿನಕ್ಕೆ ಒಂದೆರಡು ರೂಪಾಯಿಗೂ ಸಿಗುತ್ತೆ. "ಶುರು ಮಾಡಿದ್ರೆ ಜೀವನಪೂರ್ತಿ ನುಂಗಬೇಕು" ಅಂತ ಅದನ್ನ ಬಿಟ್ಟು ಕೂತವರು ಜೀವನಪೂರ್ತಿ ಗ್ಯಾಸಿನ ಮಾತ್ರೆ ನುಂಗ್ತಿರ್ತಾರೆ, ಬೆಳಿಗ್ಗೆ ಕಾಫಿಗೆ ಮುಂಚೆ, ಯಾರನ್ನೂ ಕೇಳದೆ.

ಊರಿಗೆ ಹೋದಾಗ ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೂರು ಪ್ರಶ್ನೆ ಕೇಳಿಬಂದೆ. ರಾತ್ರಿ ಎರಡು ಗಂಟೆಗೆ ಇಸಿಜಿ ತೆಗೆಯೋರು ಇರ್ತಾರಾ? ಇಂಜೆಕ್ಷನ್ ಇವತ್ತು ಸ್ಟಾಕಿದೆಯಾ? ಇಸಿಜಿ ನೋಡಿ ಉತ್ತರ ಹೇಳೋರು ಯಾರು? ನರ್ಸಮ್ಮ ಮೊದಲು ಪತ್ರಕರ್ತನಾ ಅಂತ ಅನುಮಾನಪಟ್ಟರು, ಆಮೇಲೆ ಫ್ರಿಜ್ಜಿನ ಬಾಗಿಲು ತೆಗೆದೇ ತೋರಿಸಿದರು. ಎರಡಿತ್ತು. ದೊಡ್ಡಮ್ಮನ ಮನೆಯಿಂದ ಅಲ್ಲಿಗೆ ಹನ್ನೊಂದು ಕಿಲೋಮೀಟರು. ನಿಮ್ಮ ನಿಮ್ಮ ಊರಲ್ಲಿ ಹೋಗಿ ಕೇಳಿ, ಏನು ಹೇಳಿದರು ಅಂತ ಇಲ್ಲಿ ಬರೀರಿ. ತಾಲ್ಲೂಕಿನ ಹೆಸರು ಹಾಕೋದು ಮರೀಬೇಡಿ.