ಗೇರ್ ಎಣಿಸುವ ಮುನ್ನ ಉದ್ದ ಅಳೆಯಿರಿ

ಸೈಕಲ್ ಕೊಳ್ಳಲು ಹೋಗುವ ನಮ್ಮ ವಯಸ್ಸಿನವರು ಅಂಗಡಿಯಲ್ಲಿ ಕೇಳುವುದು ಮೂರೇ ಪ್ರಶ್ನೆ: ಗೇರ್ ಎಷ್ಟು? ಡಿಸ್ಕ್ ಬ್ರೇಕ್ ಇದೆಯಾ? ಶಾಕ್ ಅಬ್ಸಾರ್ಬರ್ ಇದೆಯಾ? ಎರಡು ಚಕ್ರಗಳ ಅಚ್ಚಿನ ನಡುವೆ ಅಂತರ ಎಷ್ಟು ಎಂದು ಕೇಳುವವರು ಅಪರೂಪ. ಕಚ್ಚಾರಸ್ತೆಯಲ್ಲಿ ಬೆನ್ನಿನ ನೆಮ್ಮದಿಗೂ ಇಳಿಜಾರಿನ ಸುರಕ್ಷತೆಗೂ ಆ ಅಳತೆಯ ಕೊಡುಗೆ ದೊಡ್ಡದು.

ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಇದರ ಗುಟ್ಟು ಗೊತ್ತು. ಹಿಂಚಕ್ರದಾಚೆ ಕೂತವನು ಪ್ರತಿ ಹಂಪ್‌ಗೂ ಹಾರುತ್ತಾನೆ, ನಡುವಿನ ಸೀಟಿನವನು ನಿದ್ದೆ ಮಾಡುತ್ತಾನೆ. ಸೈಕಲ್‌ನಲ್ಲೂ ಲೆಕ್ಕ ಅದೇ. ಚಕ್ರಗಳ ಅಂತರ 100 ಸೆಂ.ಮೀ., ಸೀಟು ಹಿಂದಿನ ಅಚ್ಚಿಗಿಂತ 25 ಸೆಂ.ಮೀ. ಮುಂದಿದೆ ಎನ್ನೋಣ. ಹಿಂಚಕ್ರ 4 ಸೆಂ.ಮೀ. ಎತ್ತರದ ಕಲ್ಲು ಹತ್ತಿದರೆ ಸೀಟು 3 ಸೆಂ.ಮೀ. ಏಳುತ್ತದೆ. ಹಿಂಭಾಗವನ್ನು 10 ಸೆಂ.ಮೀ. ಉದ್ದ ಮಾಡಿದರೆ ಅದು ಸುಮಾರು 2.7 ಸೆಂ.ಮೀ.ಗೆ ಇಳಿಯುತ್ತದೆ. ವ್ಯತ್ಯಾಸ ಸಣ್ಣದು, ನಿಜ. ಆದರೆ ಇದು ಪ್ರತಿ ಕಲ್ಲಿಗೂ ಸಿಗುವ ಲಾಭ. ಇದಕ್ಕೆ ಸ್ಪ್ರಿಂಗ್ ಬೇಡ, ಎಣ್ಣೆ ಬೇಡ, ರಿಪೇರಿ ಬೇಡ.

ಇಳಿಜಾರಿನಲ್ಲಿ ಉದ್ದದ ಬೆಲೆ ಇನ್ನೂ ಹೆಚ್ಚು. ಸವಾರನ ಗುರುತ್ವ ಕೇಂದ್ರ ನೆಲದಿಂದ 110 ಸೆಂ.ಮೀ. ಮೇಲೆ, ಮುಂದಿನ ಅಚ್ಚಿಗಿಂತ 60 ಸೆಂ.ಮೀ. ಹಿಂದೆ ಇದ್ದರೆ, ಅವನು ಕದಲದೆ ಕೂತಾಗ ಸುಮಾರು 29 ಡಿಗ್ರಿ ಇಳಿಜಾರಿನಲ್ಲಿ ಮುಗ್ಗರಿಸುವ ಹಂತ ತಲುಪುತ್ತಾನೆ. ಆ 60 ಸೆಂ.ಮೀ. 70 ಆದರೆ ಮಿತಿ 32 ಡಿಗ್ರಿ ದಾಟುತ್ತದೆ. ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದಾಗಲೂ ಇದೇ ಅಂತರ ನಮ್ಮನ್ನು ಕಾಯುತ್ತದೆ.

ಇದು ಹೊಸ ಶೋಧವೇನಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಜೋ ಬ್ರೀಜ್, ಗ್ಯಾರಿ ಫಿಷರ್ ಮುಂತಾದವರು 'ರೀಪ್ಯಾಕ್' ಎಂಬ ಬೆಟ್ಟದ ದಾರಿಯಲ್ಲಿ ರೇಸ್ ನಡೆಸಿದ್ದು ಹಳೆಯ ಶ್ವಿನ್ ಸೈಕಲ್‌ಗಳಲ್ಲಿ. ಭಾರವಾದರೂ ಉದ್ದವಾಗಿದ್ದು, ಮುಂದಿನ ಫೋರ್ಕ್ ಚಾಚಿಕೊಂಡಿದ್ದ ಆ ಸೈಕಲ್‌ಗಳು ಇಳಿಜಾರಿನಲ್ಲಿ ಸ್ಥಿರವಾಗಿದ್ದವು. ಮೌಂಟನ್ ಬೈಕ್ ಹುಟ್ಟಿದ್ದು ಅಲ್ಲೇ. ಮುಂದೆ ರೇಸಿನ ವೇಗದ ಹಂಬಲದಲ್ಲಿ ಫ್ರೇಮ್ ಗಿಡ್ಡವಾಯಿತು. 1990ರ ದಶಕದಲ್ಲಿ ಫೋರ್ಕಿನ ಕೋನ ಸುಮಾರು 71 ಡಿಗ್ರಿಯಷ್ಟು ನೆಟ್ಟಗಿತ್ತು. ಇಂದಿನ ಟ್ರೇಲ್ ಬೈಕ್‌ಗಳಲ್ಲಿ ಅದು 65ರ ಆಸುಪಾಸಿನಲ್ಲಿದೆ, ಫ್ರೇಮ್ ಮತ್ತೆ ಉದ್ದವಾಗಿದೆ. ನಮ್ಮೂರುಗಳಲ್ಲಿ ಹಾಲಿನ ಕ್ಯಾನ್ ಹೊತ್ತು ಹೊಲದ ದಾರಿ ಸವೆಸಿದ ಕಪ್ಪು ಅಟ್ಲಾಸ್ ಸೈಕಲ್ ಕೂಡ ಇದೇ ಜಾತಿಯದು: ಉದ್ದ, ಓರೆ, ಶಾಂತ.

ಹಾಗೆಂದು ಉದ್ದವೇ ಸರ್ವಸ್ವವಲ್ಲ. ಉದ್ದದ ಸೈಕಲ್ ತಿರುಗಲು ಹೆಚ್ಚು ಜಾಗ ಕೇಳುತ್ತದೆ. ಚರಂಡಿ ದಾಟಿಸಲು ಮುಂಚಕ್ರ ಎತ್ತುವುದು ಕಷ್ಟ. ಹಾಸ್ಟೆಲ್ ಮೆಟ್ಟಿಲು ಹತ್ತಿಸುವುದೂ ಕಷ್ಟ. ಮುಂಭಾಗ ಮಾತ್ರ ಉದ್ದವಾಗಿ ಹಿಂಭಾಗ ಗಿಡ್ಡವಾಗಿದ್ದರೆ ಮುಂಚಕ್ರದ ಮೇಲೆ ಭಾರ ಸಾಲದೆ ಸಡಿಲ ಮಣ್ಣಿನ ತಿರುವಿನಲ್ಲಿ ಅದು ಜಾರುತ್ತದೆ. ಇನ್ನು, ಉದ್ದ ಬೇಕೆಂದು ಒಂದು ಸೈಜ್ ದೊಡ್ಡದು ಕೊಂಡರೆ ಹ್ಯಾಂಡಲ್ ದೂರವಾಗಿ ಬೆನ್ನು, ಭುಜ ನೋಯುತ್ತವೆ. ಅದಕ್ಕೇ ಇಂದಿನ ಉದ್ದ ಫ್ರೇಮ್‌ಗಳಿಗೆ ಗಿಡ್ಡ ಸ್ಟೆಮ್ ಜೋಡಿಸುತ್ತಾರೆ. ಚಕ್ರ ಮುಂದೆ ಹೋಗುತ್ತದೆ, ಕೈ ಅಲ್ಲೇ ಇರುತ್ತದೆ.

ಎಂಜಿನಿಯರಿಂಗ್ ಓದುವ ನಮಗೆ ಇಲ್ಲಿ ಒಂದು ಪಾಠವಿದೆ. ಬಿಡಿಭಾಗ ಹೆಚ್ಚಿಸುವುದೇ ಸುಧಾರಣೆಯಲ್ಲ, ಇರುವ ಭಾಗವನ್ನು ಸರಿಯಾದ ಜಾಗದಲ್ಲಿಡುವುದೂ ಸುಧಾರಣೆಯೇ. ಅಗ್ಗದ ಶಾಕ್ ಅಬ್ಸಾರ್ಬರ್ ಎರಡು ಕಿಲೋಗೂ ಹೆಚ್ಚು ತೂಗುತ್ತದೆ. ಆ ಭಾರವನ್ನು ಪ್ರತಿ ಏರಿನಲ್ಲೂ ತಳ್ಳಬೇಕಾದದ್ದು ನಮ್ಮ ಕಾಲೇ. ಅಗಲ ಟೈರಿನ, ಹದವಾಗಿ ಉದ್ದವಿರುವ ಸಾದಾ ಫ್ರೇಮ್ ಎಷ್ಟೋ ಸಲ ಅದಕ್ಕಿಂತ ವಾಸಿ.

ಪಾರ್ಟ್‌ಟೈಮ್ ದುಡಿದು ಕೂಡಿಟ್ಟ ಹಣದಲ್ಲಿ ಸೈಕಲ್ ಕೊಳ್ಳುವವರು ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಕಂಪನಿಯ ಜಿಯೊಮೆಟ್ರಿ ಪಟ್ಟಿ ಕೇಳಿ. ಪಟ್ಟಿ ಇಲ್ಲವೆಂದರೆ ಜೇಬಿನಲ್ಲಿ ಒಂದು ಟೇಪು ಇರಲಿ. ಎರಡು ಸೈಕಲ್‌ಗಳ ಅಂತರ ಅಳೆಯಿರಿ, ಎರಡನ್ನೂ ಒಮ್ಮೆ ಮಣ್ಣಿನ ಮೇಲೆ ಓಡಿಸಿ. ಉಳಿದದ್ದನ್ನು ನಿಮ್ಮ ಬೆನ್ನೇ ಹೇಳುತ್ತದೆ.