ಫಲಿತಾಂಶದ ಅಂಕಿ ಮತ್ತು ಆಡಳಿತದ ತೀರ್ಮಾನ

ಶಿಕ್ಷಣ ಆಡಳಿತದಲ್ಲಿ ಪುರಾವೆ ಎಂದರೆ ಒಂದು ತೀರ್ಮಾನವನ್ನು ಸಮರ್ಥಿಸುವ ಅಥವಾ ಅಲ್ಲಗಳೆಯುವ ಶಕ್ತಿಯುಳ್ಳ ಮಾಹಿತಿ; ಕಡತ ಸೇರಿದ ಅಂಕಿಯೆಲ್ಲ ಪುರಾವೆಯಾಗುವುದಿಲ್ಲ. ಮಂಡ್ಯದ ಉಪನಿರ್ದೇಶಕರಿಗಾಗಲಿ, ಮದ್ದೂರು, ಮಳವಳ್ಳಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗಾಗಲಿ ಅಂಕಿಗಳ ಕೊರತೆಯಿಲ್ಲ: ಕೊಠಡಿ, ಶೌಚಾಲಯ, ಶಿಕ್ಷಕರ ವಿವರ ಯು-ಡೈಸ್ ಎಂಬ ಶಾಲಾ ಮಾಹಿತಿ ವ್ಯವಸ್ಥೆಯಲ್ಲಿ, ಮಗುವಿನ ದಾಖಲಾತಿ ಮತ್ತು ಅಂಕ ಸ್ಯಾಟ್ಸ್ ತಂತ್ರಾಂಶದಲ್ಲಿ, ತರಗತಿಯಲ್ಲಿ ಕಂಡದ್ದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ, ಅಂದರೆ ಸಿಆರ್‌ಪಿಗಳ, ಭೇಟಿ ವರದಿಯಲ್ಲಿ ಸಿಗುತ್ತದೆ. ಇಷ್ಟಿದ್ದೂ ಎಲ್ಲಕ್ಕಿಂತ ಹೆಚ್ಚು ತೂಕ ಪಡೆಯುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶದ ಶೇಕಡಾವಾರು ಮತ್ತು ಅದರಿಂದ ದೊರೆಯುವ ಸ್ಥಾನ.

ಆ ಅಂಕಿಯ ಮಿತಿ 2024ರಲ್ಲಿ ಬಯಲಾಯಿತು. ಹಿಂದಿನ ವರ್ಷ ಮಂಡ್ಯ ಶೇ 96.74 ಫಲಿತಾಂಶ ಪಡೆದು ಚಿತ್ರದುರ್ಗದ ನಂತರ ಎರಡನೆಯ ಸ್ಥಾನದಲ್ಲಿತ್ತು. ಪರೀಕ್ಷಾ ಕೊಠಡಿಗಳನ್ನು ಕ್ಯಾಮೆರಾದ ಮೂಲಕ ನೇರವಾಗಿ ವೀಕ್ಷಿಸುವ ವೆಬ್‌ಕಾಸ್ಟಿಂಗ್ ಬಂದ ವರ್ಷ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದರೂ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿದು, ಮೊದಲ ಮೂರು ಸ್ಥಾನಗಳು ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗದ ಪಾಲಾದವು. ಇದರಿಂದ ಯಾವ ಜಿಲ್ಲೆಯ ಮೇಲೂ ಆರೋಪ ಹೊರಿಸಲಾಗದು. ಆದರೆ ಒಂದೇ ವರ್ಷದಲ್ಲಿ ಇಡೀ ರಾಜ್ಯದ ಮಕ್ಕಳ ಕಲಿಕೆ ಅಷ್ಟು ಕುಸಿಯುವುದು ಅಸಂಭವವಾದ್ದರಿಂದ, ಮುಖ್ಯವಾಗಿ ಬದಲಾದದ್ದು ಅಳೆಯುವ ರೀತಿಯೆಂದೇ ತಿಳಿಯಬೇಕಾಗುತ್ತದೆ. ಬಹುಮಾನ ಮತ್ತು ನೋಟಿಸು ಎರಡಕ್ಕೂ ಆಧಾರವಾದ ಅಳತೆ ಬೇಗ ಕೆಡುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು.

ಫಲಿತಾಂಶ ಕುಸಿದಾಗ ಹೊರಡುವ ಆದೇಶಗಳು ಎಲ್ಲರಿಗೂ ಪರಿಚಿತವೇ: ಬೆಳಿಗ್ಗೆ, ಸಂಜೆ ವಿಶೇಷ ತರಗತಿ, ಜೊತೆಗೆ ಉತ್ತೀರ್ಣರಾಗಲು ಸಾಕಾಗುವಷ್ಟು ಪಾಠವನ್ನು ಆಯ್ದು ಕೊಡುವ ಪಾಸಿಂಗ್ ಪ್ಯಾಕೇಜ್. ಶೇಕಡಾವಾರು ಅಂಕಿಗೆ ಇದಕ್ಕಿಂತ ಸೂಕ್ಷ್ಮವಾದ ಪರಿಹಾರವನ್ನು ಸೂಚಿಸುವ ಶಕ್ತಿಯೇ ಇಲ್ಲ. ಗಣಿತದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಐದನೆಯ ತರಗತಿಯ ಭಾಗಾಕಾರವೇ ಬಾರದಿದ್ದರೆ ಮಾದರಿ ಪ್ರಶ್ನೆಪತ್ರಿಕೆ ಅವನಿಗೆ ನೆರವಾಗದು. ಮಳವಳ್ಳಿಯ ದೂರದ ಹಳ್ಳಿಯಿಂದ ಬರುವ ಹುಡುಗಿಗೆ ಸಂಜೆಯ ತರಗತಿ ಮುಗಿಯುವ ಹೊತ್ತಿಗೆ ಊರಿನ ಬಸ್ಸು ಹೋಗಿಬಿಟ್ಟಿದ್ದರೆ, ಆದೇಶ ಜಾರಿಯಾದ ದಾಖಲೆ ಉಳಿಯುತ್ತದೆಯೇ ಹೊರತು ಆಕೆ ಕಲಿಯುವುದಿಲ್ಲ. ಭಾಗಾಕಾರದ ಸಂಗತಿ ಸಿಆರ್‌ಪಿಗೂ ಬಸ್ಸಿನ ಸಂಗತಿ ಮುಖ್ಯಶಿಕ್ಷಕರಿಗೂ ಗೊತ್ತಿರುತ್ತದೆ. ಅವುಗಳನ್ನು ಕೇಳುವ ಕಾಲಂ ಮಾತ್ರ ನಮೂನೆಯಲ್ಲಿರುವುದಿಲ್ಲ.

ಇದಕ್ಕೆ ಅಧಿಕಾರಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ಸ್ಥಾನ ಕುಸಿದರೆ ವಿವರಣೆ ಕೊಡಬೇಕಾದವರು ಕಾರಣ ಹುಡುಕುವುದಕ್ಕಿಂತ ಅಂಕಿ ಏರಿಸುವುದಕ್ಕೇ ಮೊದಲು ಕೈಹಾಕುತ್ತಾರೆ. ಆದ್ದರಿಂದ ಕಲಿಕೆಯ ಕೊರತೆಯನ್ನು ಗುರುತಿಸುವ ಪರೀಕ್ಷೆಯನ್ನು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಕೆಲವೇ ಶಾಲೆಗಳನ್ನು ಆರಿಸಿಕೊಂಡು ನಡೆಸಿ, ಶಾಲೆಯ ಹೆಸರನ್ನಾಗಲಿ ಸ್ಥಾನವನ್ನಾಗಲಿ ಪ್ರಕಟಿಸದೆ, ವಿಶೇಷ ತರಗತಿಯ ಆದೇಶ ಹೊರಡುವ ಮೊದಲೇ ಅದರ ಫಲವನ್ನು ಕ್ಷೇತ್ರ ಶಿಕ್ಷಣಾಧಿಕಾರಿಯ ಮುಂದಿಡುವ ವ್ಯವಸ್ಥೆ ಬರಬೇಕು.