ಇಲ್ಲವೆನ್ನುವ ಬಗೆ

ಕರ್ಣನ ದಾನದ ಕಥೆಯನ್ನು ಕೇಳಿ ಬೆಳೆದ ನಮಗೆ, ಬೇಡಿ ಬಂದವನಿಗೆ ಇಲ್ಲವೆನ್ನುವುದು ಸಣ್ಣತನವಾಗಿ ತೋರುವುದು ಸಹಜ. ಕವಚಕುಂಡಲಗಳನ್ನು ಕೊಟ್ಟ ಮೇಲೆ ಕರ್ಣನಿಗೆ ಏನಾಯಿತೆಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ. ಹಲವರು ಕೂಡಿ ಕಟ್ಟಿ, ಲೋಕಕ್ಕೆಲ್ಲ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶಗಳನ್ನು ಕಾಯುವವರ ಪಾಡು ಇದೇ. ಅದರಲ್ಲಿ ಇದೂ ಇರಲಿ, ಅದೂ ಇರಲಿ ಎಂಬ ಕೋರಿಕೆಗಳಿಗೆ ಕೊನೆಯಿಲ್ಲ. ಕೋರುವುದು ಒಂದು ಗಳಿಗೆಯ ಕೆಲಸ. ಕೊಟ್ಟದ್ದನ್ನು ಕಾಪಾಡುವುದು, ಕಲಿಸುವುದು, ಅದರಿಂದ ಹುಟ್ಟಿದ ದೋಷಗಳನ್ನು ತಿದ್ದುವುದು ಮುಂದೆ ಬರುವವರ ಹೊರೆ. ಆ ಹೊರೆ ಹೊರುವವರಲ್ಲಿ ಅನೇಕರಿಗೆ ಸಂಬಳವೂ ಇಲ್ಲ.

ಆದಕಾರಣ ನಿರಾಕರಿಸುವ ಹಕ್ಕು ಪಾಲಕನಿಗೆ ಇದ್ದೇ ಇರಬೇಕು. ಕೇಳಿದವನಿಗೆ ಉತ್ತರವನ್ನೇ ಕೊಡದೆ, ಅಥವಾ ಕಾರಣವನ್ನು ಹೇಳದೆ ಬಾಗಿಲು ಮುಚ್ಚುವ ಹಕ್ಕು ಇದೆಯೆಂದು ಮಾತ್ರ ನಾನು ಒಪ್ಪಲಾರೆ.

ಇಂದು ನಮ್ಮ ವಿದ್ಯಾರ್ಥಿಗಳು ಕಲಿಯುವ ಪೈಥಾನ್ ಎಂಬ ಗಣಕಭಾಷೆಯನ್ನೇ ನೋಡಬಹುದು. ಡಚ್ಚರಾದ ಗೈಡೊ ವಾನ್ ರೊಸಮ್ ಅದನ್ನು 1991ರಲ್ಲಿ ಲೋಕಕ್ಕೆ ಕೊಟ್ಟರು. ಭಾಷೆಗೆ ಮುಖ್ಯವಾದ ಹೊಸತೊಂದನ್ನು ಸೇರಿಸಬೇಕೆನ್ನುವವರು ತಮ್ಮ ವಾದವನ್ನು ಪ್ರಸ್ತಾವವಾಗಿ ಬರೆದು ಮಂಡಿಸಬೇಕೆಂಬ ಪದ್ಧತಿ 2000ದಲ್ಲಿ ಬಂತು. ಪ್ರತಿ ಪ್ರಸ್ತಾವಕ್ಕೂ ಒಂದು ಸಂಖ್ಯೆಯುಂಟು. ತಿರಸ್ಕೃತವಾದರೂ ಅದು ಕಡತದಲ್ಲಿ ಉಳಿಯುತ್ತದೆ.

ಒಂದು ಬೆಲೆಯನ್ನು ನೋಡಿ ಹಲವು ದಾರಿಗಳಲ್ಲಿ ಒಂದನ್ನು ಹಿಡಿಯುವ ‘ಸ್ವಿಚ್’ ಎಂಬ ರಚನೆ ಸಿ ಭಾಷೆಯಲ್ಲಿದೆ, ಪೈಥಾನಿನಲ್ಲಿ ಇರಲಿಲ್ಲ. 2001ರಲ್ಲಿ 275ನೆಯ ಪ್ರಸ್ತಾವವು ಅದನ್ನು ಕೇಳಿತು. 2006ರಲ್ಲಿ ಸ್ವತಃ ವಾನ್ ರೊಸಮ್ಮರೇ 3103ನೆಯದನ್ನು ಬರೆದರು. ಭಾಷೆಯ ವಿಷಯದಲ್ಲಿ ಆಗ ಕೊನೆಯ ಮಾತು ಅವರದೇ, ಸೇರಿಸಿಕೊಂಡಿದ್ದರೆ ತಡೆಯುವವರಿರಲಿಲ್ಲ. ಆದರೂ 2007ರ ಪೈಥಾನ್ ಸಮ್ಮೇಳನದಲ್ಲಿ ತಮ್ಮ ಭಾಷಣದ ನಡುವೆ ಸಭಿಕರ ಅಭಿಪ್ರಾಯ ಕೇಳಿದರು. ಬೆಂಬಲ ಕಾಣಲಿಲ್ಲ. ತಮ್ಮ ಪ್ರಸ್ತಾವವನ್ನು ತಾವೇ ತಿರಸ್ಕರಿಸಿ, ಕಾರಣವನ್ನು ಅದರಲ್ಲಿಯೇ ಬರೆದಿಟ್ಟರು. ಹದಿನಾಲ್ಕು ವರ್ಷಗಳ ಅನಂತರ, 2021ರ ಅಕ್ಟೋಬರಿನಲ್ಲಿ, ‘ಮ್ಯಾಚ್’ ಎಂಬ ರಚನೆ ಪೈಥಾನಿಗೆ ಬಂತು. ಅದು ಹಳೆಯ ಸ್ವಿಚ್ಚಲ್ಲ. ಬೆಲೆಯನ್ನಷ್ಟೇ ಅಲ್ಲದೆ ದತ್ತಾಂಶದ ಆಕಾರವನ್ನೂ ಗುರುತಿಸಬಲ್ಲದು. ಅಂದೇ ಆತುರದಿಂದ ಒಪ್ಪಿದ್ದರೆ ಬಡವಾದ ರಚನೆಯೊಂದು ಭಾಷೆಯಲ್ಲಿ ಶಾಶ್ವತವಾಗಿ ನೆಲೆಸುತ್ತಿತ್ತೆಂದು ನನ್ನ ಎಣಿಕೆ.

ಹೌದೆನ್ನುವುದೂ ಸುಲಭವಲ್ಲ. 572ನೆಯ ಪ್ರಸ್ತಾವವನ್ನು ಒಪ್ಪಿದ ಬೆನ್ನಲ್ಲೇ, ಅದರ ಸುತ್ತ ನಡೆದ ಕಹಿಯಾದ ವಾಗ್ವಾದದಿಂದ ಬಳಲಿ, ವಾನ್ ರೊಸಮ್ 2018ರ ಜುಲೈಯಲ್ಲಿ ತಮ್ಮ ಸ್ಥಾನವನ್ನು ಬಿಟ್ಟರು. 2019ರಿಂದ ಆ ಹೊಣೆ ಚುನಾಯಿತರಾದ ಐವರ ಮಂಡಲಿಯದು.

ಈ ಪದ್ಧತಿಯಲ್ಲಿ ಕೊರತೆಯಿಲ್ಲವೆಂದಲ್ಲ. ಹೊರಗಿನವನು ಪ್ರಸ್ತಾವ ಮಂಡಿಸಬೇಕಾದರೆ ಒಳಗಿನವರೊಬ್ಬರು ಬೆಂಬಲಕ್ಕೆ ನಿಲ್ಲಬೇಕು. ವಾದವೆಲ್ಲ ಇಂಗ್ಲಿಷಿನಲ್ಲಿ ನಡೆಯಬೇಕು. ರಾಯಚೂರಿನ ವಿದ್ಯಾರ್ಥಿಗೆ ಒಳ್ಳೆಯ ಸಲಹೆಯೊಂದು ಹೊಳೆದರೂ ಈ ಎರಡು ಹೊಸ್ತಿಲುಗಳನ್ನು ಅವನು ದಾಟಬೇಕು. ಆದರೆ ಕಡತವನ್ನು ಓದಲು ಯಾರ ಅಪ್ಪಣೆಯೂ ಬೇಕಿಲ್ಲ. ಪೈಥಾನ್ ಕಲಿಸುವ ಅಧ್ಯಾಪಕರು ಒಪ್ಪಿತವಾದ ರಚನೆಗಳೊಡನೆ ಆ 3103ನೆಯ ತಿರಸ್ಕೃತ ಪ್ರಸ್ತಾವವನ್ನೂ ಒಂದು ದಿನ ತರಗತಿಯಲ್ಲಿ ಓದಿಸಬಾರದೇಕೆ?